ಮೊಟ್ಟೆ ಡಬ್ಬಿಯ ಓಲೆ

ಮನೆಯಲ್ಲಿ ಒಡವೆಯ ಮಾತು ಬಂದರೆ ಗಂಡಸರು ಪೇಪರಿನ ಹಿಂದೆ ಅಡಗಿಕೊಳ್ಳುವುದು ಹಿಂದಿನಿಂದ ಬಂದ ಪದ್ಧತಿ. ಆ ಪೇಪರಿನಲ್ಲೂ ಚಿನ್ನದ ದರ ಅಚ್ಚಾಗಿರುತ್ತದೆ, ಅದು ಬೇರೆ ವಿಷಯ. ಹಾಗಿರುವಾಗ ನಮ್ಮ ಅಕ್ಕನ ಮಗಳು ಪುಟ್ಟಿ, "ನಂಗೆ ಚಿನ್ನ ಬೇಡಪ್ಪಾ, ನನ್ನ ಒಡವೆ ನಾನೇ ಮಾಡ್ಕೋತೀನಿ, ತಾಮ್ರದಲ್ಲಿ" ಎಂದಳು. ಭಾವನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಹೆಣ್ಣು ಹೆತ್ತವರಿಗೆ ಇಂಥ ವರವನ್ನು ಯಾವ ದೇವರೂ ಕೇಳದೆ ಕೊಡುವುದಿಲ್ಲ. ಕೇಳದೆ ಕೊಟ್ಟ ವರದಲ್ಲಿ ಏನೋ ಒಂದು ಮಸಲತ್ತು ಇರುತ್ತದೆ ಎಂಬುದು ನಮ್ಮ ಪುರಾಣಗಳನ್ನು ಓದಿದವರಿಗೆಲ್ಲ ಗೊತ್ತು. ಭಾವ ಪುರಾಣ ಓದಿಲ್ಲ, ಅವರು ಬ್ಯಾಂಕಿನವರು.

ಪುಟ್ಟಿ ಬಿಎಸ್ಸಿ ಕೊನೆಯ ವರ್ಷದಲ್ಲಿದ್ದಾಳೆ, ರಸಾಯನಶಾಸ್ತ್ರ. ಲ್ಯಾಬಿನಲ್ಲಿ ಕಲಿತದ್ದನ್ನು ಪರೀಕ್ಷೆಯಲ್ಲಿ ಬರೆದು ಅಲ್ಲೇ ಬಿಟ್ಟುಬರುವುದು ನಮ್ಮ ಕಾಲದ ಮರ್ಯಾದೆ. ಇವಳು ಅದನ್ನು ಬಾಲ್ಕನಿಗೆ ತಂದಳು.

ಮೊದಲು ಬಂದದ್ದು ತಂತಿ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಕಡೆ ಹೋಗಿ, ಮೋಟಾರು ರಿವೈಂಡಿಂಗ್ ಮಾಡುವವರ ಹತ್ತಿರ ಒಂದು ಸುರುಳಿ ತಾಮ್ರದ ತಂತಿ ಹೊತ್ತುಕೊಂಡು ಬಂದಳು. ನೋಡಲು ಥಳಥಳ. ಆದರೆ ಮೋಟಾರಿನ ತಂತಿಗೆ ಮೈತುಂಬ ವಾರ್ನಿಷ್ ಲೇಪ ಇರುತ್ತದೆ, ಒಂದು ಸುತ್ತಿನಿಂದ ಇನ್ನೊಂದು ಸುತ್ತಿಗೆ ಕರೆಂಟು ಹಾಯದಿರಲಿ ಎಂದು. ಅದನ್ನು ಇಟ್ಟುಕೊಂಡು ಬೆಸುಗೆ ಹಾಕಲು ಹೋದರೆ ಹಿಡಿಯುವುದಿಲ್ಲ. ಸುಟ್ಟು ತೆಗೆಯಲು ಹೋದರೆ ಹೊಗೆ ನೇರ ಗಂಟಲಿಗೆ. ಹಾಗಾಗಿ ಬ್ಲೇಡು ಹಿಡಿದು ಕೆರೆಯಬೇಕು. ನಮ್ಮ ಹುಡುಗಿ ಕೆರೆದಳು, ಮಾರುದ್ದದ ತಂತಿಯನ್ನು, ಟಿವಿ ಮುಂದೆ ಕೂತು. ಹೆಂಗಸರು ಧಾರಾವಾಹಿ ನೋಡುತ್ತಾ ಅವರೆಕಾಯಿ ಬಿಡಿಸುವ ಮನೆಯಲ್ಲಿ ಇದೂ ಒಂದು ಕಸುಬಾಯಿತು. ಅದಾದ ಮೇಲೆ ಬರೀ ತಾಮ್ರದ ತಂತಿಯೇ ಬೇರೆ ಸಿಗುತ್ತದೆ ಎಂದು ಯಾರೋ ಹೇಳಿದರು.

ಆಮೇಲೆ ನಗರ್ತಪೇಟೆ. ಆ ಓಣಿಗಳು ಗೊತ್ತಲ್ಲ? ಒಂದು ಕಡೆಯಿಂದ ಸ್ಕೂಟರು, ಇನ್ನೊಂದು ಕಡೆಯಿಂದ ಹಸು. ಎರಡರ ನಡುವೆ ಲಕ್ಷಾಂತರ ರೂಪಾಯಿಯ ಚಿನ್ನ ಒಳಜೇಬಿನಲ್ಲಿಟ್ಟುಕೊಂಡ ಮನುಷ್ಯ, ಬಸ್ಸಿನ ಚಿಲ್ಲರೆಗೂ ಗತಿಯಿಲ್ಲದವನ ಮುಖ ಮಾಡಿಕೊಂಡು ನಡೆದುಹೋಗುತ್ತಾನೆ. ಅಲ್ಲಿಂದ ಪುಟ್ಟಿ ತಂದದ್ದು ಊದುಗೊಳವೆ, ಚಿಮಟ, ಮೂರು ನಮೂನೆಯ ಇಕ್ಕಳ, ಸಣ್ಣ ಅರ, ಒಂದು ಪೊಟ್ಟಣ ಬಿಳಿಗಾರ. ಸಾಮಾನು ಕೊಳ್ಳುವಾಗ ಅಲ್ಲೇ ಮಾಳಿಗೆ ಮೆಟ್ಟಿಲ ಮೇಲೆ ಕೂತಿದ್ದ ವಯಸ್ಸಾದ ಆಚಾರ್ರೊಬ್ಬರು ಇವಳನ್ನು ವಿಚಾರಿಸಿಕೊಂಡರಂತೆ.

"ಎಷ್ಟು ಗ್ರಾಮಿನ ಕೆಲಸ ತಾಯೀ?"

"ಚಿನ್ನ ಅಲ್ಲ ಆಚಾರ್ರೇ, ತಾಮ್ರ."

ಆಚಾರ್ರು ಕನ್ನಡಕ ಮೇಲಕ್ಕೆ ಸರಿಸಿದರು. "ತಾಮ್ರದಲ್ಲಿ ಚೊಂಬು ಮಾಡ್ತಾರಲ್ಲವಾ?"

ಅಷ್ಟು ಹೇಳಿ ಸುಮ್ಮನಾಗಿದ್ದರೆ ಅವರು ಬರೀ ಹಾಸ್ಯಗಾರರಾಗುತ್ತಿದ್ದರು. ಆದರೆ ಕಸುಬು ಬಲ್ಲವರಿಗೆ ಬಾಯಿ ಕಟ್ಟಿಕೊಳ್ಳಲು ಬರುವುದಿಲ್ಲ. "ಚಿನ್ನಕ್ಕಿಂತ ತಾಮ್ರಕ್ಕೆ ಬೆಸುಗೆ ಹಾಕೋದು ಕಷ್ಟ ಮಗೂ. ಬಿಸಿ ತಾಕ್ತಿದ್ದ ಹಾಗೇ ಕರಿ ಕಟ್ಟುತ್ತೆ, ಚಿನ್ನಕ್ಕೆ ಆ ಕಾಟ ಇಲ್ಲ. ಬಿಳಿಗಾರ ಚೆನ್ನಾಗಿ ಹಚ್ಚು. ಉರೀನ ಬೆಸುಗೆ ಮೇಲೆ ಹಿಡೀಬೇಡ, ಇಡೀ ಓಲೆ ಮೇಲೆ ಆಡಿಸು. ತಾಮ್ರ ಶಾಖಾನ ಒಂದು ಕಡೆ ನಿಲ್ಲೋಕೆ ಬಿಡಲ್ಲ, ಎಲ್ಲಾ ಕಡೆ ಹಂಚಿಬಿಡುತ್ತೆ." ಕಾಲೇಜಿನಲ್ಲಿ ಉಷ್ಣವಾಹಕತೆ ಎಂದು ಒಂದು ಸೆಮಿಸ್ಟರು ಹೇಳಿಕೊಟ್ಟದ್ದು ಇಷ್ಟೇ. ಇಲ್ಲಿ ಫೀಸೂ ಇಲ್ಲ, ಹಾಜರಾತಿಯೂ ಇಲ್ಲ.

ಊದುಗೊಳವೆ ಮಾತ್ರ ಇವಳ ಕೈಗೆ, ಕ್ಷಮಿಸಿ, ಬಾಯಿಗೆ ಹತ್ತಲಿಲ್ಲ. ಅಕ್ಕಸಾಲಿಗರು ಕೆನ್ನೆಯಲ್ಲಿ ಗಾಳಿ ತುಂಬಿಟ್ಟುಕೊಂಡು, ಮೂಗಿನಲ್ಲಿ ಉಸಿರು ಎಳೆಯುತ್ತಲೇ ಬಾಯಲ್ಲಿ ಊದುತ್ತಾರೆ, ಉರಿ ಒಂದು ಗಳಿಗೆ ಅಲುಗುವುದಿಲ್ಲ. ಪುಟ್ಟಿ ಊದಿದರೆ ಓಲೆ ಕೆಂಪಾಗುವ ಮೊದಲು ಅವಳ ಮುಖ ಕೆಂಪಾಗುತ್ತಿತ್ತು. ಕೊನೆಗೆ ಕೈಯಲ್ಲಿ ಹಿಡಿಯುವ ಪುಟ್ಟ ಗ್ಯಾಸ್ ಟಾರ್ಚು ಬಂತು. ಅದರ ಬೆಲೆ ಕೇಳಿದ ದಿನ ಭಾವನಿಗೆ ವರದ ಮಸಲತ್ತು ಅರ್ಥವಾಗತೊಡಗಿತು.

ತಾಮ್ರದ ಒಂದು ಗುಣ ನನಗೂ ಬಾಯಿಪಾಠವಾಗಿದೆ, ಏಕೆಂದರೆ ನಾನಿರುವುದು ಅವಳ ಬಾಲ್ಕನಿಯ ಕೆಳಗಿನ ಮನೆಯಲ್ಲಿ. ಬಡಿದಷ್ಟೂ ಅದು ಬಿರುಸಾಗುತ್ತದೆ, ಇನ್ನೂ ಬಡಿದರೆ ಸೀಳುತ್ತದೆ. ಮಂದವಾಗಿ ಕೆಂಪಾಗುವ ತನಕ ಕಾಯಿಸಿ ನೀರಿಗೆ ಅದ್ದಿದರೆ ಮತ್ತೆ ಮೆತ್ತಗಾಗುತ್ತದೆ. ಉಕ್ಕಿನದು ಇದಕ್ಕೆ ತದ್ವಿರುದ್ಧ, ಕಾಯಿಸಿ ಅದ್ದಿದರೆ ಅದು ಗಡುಸಾಗುತ್ತದೆ. ನನ್ನ ಮಟ್ಟಿಗೆ ಇದರ ಅರ್ಥ: ಠಣ್ ಠಣ್ ಕೇಳಿಸುತ್ತಿದ್ದರೆ ಬಡಿಯುತ್ತಿದ್ದಾಳೆ, ಸದ್ದು ನಿಂತರೆ ಕಾಯಿಸುತ್ತಿದ್ದಾಳೆ, ಆಗ ಒಂದು ಜೊಂಪು ತೆಗೆಯಬಹುದು. ಚುಯ್ ಎಂದರೆ ಜೊಂಪಿನ ವೇಳೆ ಮುಗಿಯಿತು.

ಈಗ ಮೊಟ್ಟೆಯ ಪ್ರಸಂಗಕ್ಕೆ ಬರೋಣ. ನಮ್ಮದು ಮೊಟ್ಟೆ ಒಳಗೆ ಬಾರದ ಮನೆ. ಹೊರಗೆ ತಿನ್ನುವವರ ಪಟ್ಟಿ ಇಲ್ಲಿ ಅಪ್ರಸ್ತುತ. ಹೊಳೆಯುವ ತಾಮ್ರ ಪುಟ್ಟಿಗೆ ಬೇಕಿಲ್ಲ, ಹಳೆಯದಾಗಿ ಕಾಣಬೇಕಂತೆ. ಇದು ಈಗಿನ ಹುಡುಗರ ವಿಚಿತ್ರ ನೋಡಿ, ಹೊಸ ಪ್ಯಾಂಟು ಹರಿದಿರಬೇಕು, ಹೊಸ ಓಲೆ ಅಜ್ಜಿಯ ಕಾಲದ್ದಾಗಿ ಕಾಣಬೇಕು. ಅದಕ್ಕೆ ಗಂಧಕ ಬೇಕು. ಬೇಯಿಸಿದ ಮೊಟ್ಟೆಯಿಂದ ಬರುವ ಆ ವಾಸನೆ ಗಂಧಕದ್ದೇ. ಬಿಸಿಬಿಸಿ ಮೊಟ್ಟೆಯನ್ನು ಚೂರು ಮಾಡಿ, ಓಲೆಯ ಜೊತೆ ಒಂದು ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದರೆ, ಒಳಗೆ ತುಂಬಿಕೊಂಡ ಗಾಳಿ ತಾಮ್ರಕ್ಕೆ ಮೊದಲು ಕಂದು, ಆಮೇಲೆ ಕಪ್ಪು ಬಣ್ಣ ಹತ್ತಿಸುತ್ತದೆ. ಬೆಳ್ಳಿಗೂ ಅಷ್ಟೇ. ಆಮೇಲೆ ಉಬ್ಬಿದ ಭಾಗಗಳನ್ನು ಮಾತ್ರ ಬಟ್ಟೆಯಿಂದ ಉಜ್ಜಿದರೆ ಅವು ಹೊಳೆಯುತ್ತವೆ, ತಗ್ಗುಗಳಲ್ಲಿ ಕಪ್ಪು ಉಳಿಯುತ್ತದೆ, ಕೆತ್ತನೆ ಎದ್ದು ಕಾಣುತ್ತದೆ. ಒಪ್ಪಬೇಕಾದ ಉಪಾಯ. ಬಾಲ್ಕನಿಯಲ್ಲಿ ಸ್ಪಿರಿಟ್ ಸ್ಟೌ ಹಚ್ಚಿ, ಮೂಲೆ ಅಂಗಡಿಯಿಂದ ತಂದ ಎರಡು ಮೊಟ್ಟೆ ಬೇಯಿಸಿ, ಎಲ್ಲಾ ಗುಟ್ಟಾಗಿ ಮುಗಿಸಿದಳು. ಡಬ್ಬಿ ಮಾತ್ರ ಅಜ್ಜಿ ಮೆಂತ್ಯದಹಿಟ್ಟು ಇಡುವ ಡಬ್ಬಿ.

ಆ ಸಂಜೆ ನಡೆದದ್ದನ್ನು ವಿವರಿಸುವುದಿಲ್ಲ. ಡಬ್ಬಿ ಈಗ ಗಿಡಕ್ಕೆ ನೀರು ಹಾಕಲು ಉಪಯೋಗವಾಗುತ್ತಿದೆ.

ಆದರೆ ಅಜ್ಜಿಯ ನಿಜವಾದ ಪ್ರತೀಕಾರ ಮರುದಿನ ಬೆಳಿಗ್ಗೆ, ಅದೂ ಪ್ರೀತಿಯಿಂದಲೇ. ಕಿಟಕಿಯ ಮೇಲೆ ಒಣಗಲು ಇಟ್ಟಿದ್ದ ಕಪ್ಪು ಓಲೆಗಳನ್ನು ನೋಡಿದರು, "ಪಾಪ, ಮಗು ಕಷ್ಟಪಟ್ಟು ಮಾಡಿದ್ದು ಕಿಲುಬು ಹಿಡಿದಿದೆ" ಎಂದುಕೊಂಡರು. ಹುಣಸೆಹಣ್ಣು, ಉಪ್ಪು, ಐದು ನಿಮಿಷ. ದೇವರ ಮನೆಯಲ್ಲಿ ಪಂಚಪಾತ್ರೆ, ಉದ್ಧರಣೆಯ ಪಕ್ಕದಲ್ಲಿ ಓಲೆಗಳು ಚಿನ್ನವನ್ನು ನಾಚಿಸುತ್ತಾ ಹೊಳೆಯುತ್ತಿದ್ದವು. ಪುಟ್ಟಿ ಅಳುವುದೋ ನಗುವುದೋ ತಿಳಿಯದೆ, "ಅಜ್ಜೀ, ಅದು ಟಾರ್ಟಾರಿಕ್ ಆಮ್ಲ, ಬಣ್ಣ ಎಲ್ಲಾ ಹೋಯ್ತು" ಎಂದಳು. "ಏನು ಆಮ್ಲವೋ ಏನೋ, ನಾನು ಮದುವೆಯಾಗಿ ಬಂದಾಗಿಂದ ಇದರಲ್ಲೇ ತಿಕ್ಕಿರೋದು" ಎಂದರು ಅಜ್ಜಿ. ಅವತ್ತಿನಿಂದ ಪುಟ್ಟಿ ಬೆಸುಗೆಯ ಕರಿ ತೆಗೆಯಲು ತರಿಸುತ್ತಿದ್ದ ಸಿಟ್ರಿಕ್ ಆಮ್ಲದ ಪ್ಯಾಕೆಟ್ಟು ನಿಂತಿತು. ಒಡವೆ ತೊಳೆಯಲು ಅಂಟವಾಳದ ನೀರು ಎಂಬುದೂ ಅಜ್ಜಿಯ ಖಾತೆಯಿಂದಲೇ ಬಂತು. ಸಾವಿರಾರು ರೂಪಾಯಿ ಕಟ್ಟಿ ಆನ್‌ಲೈನ್ ಕೋರ್ಸ್ ಸೇರುವ ಮೊದಲು ಅಡುಗೆಮನೆಯಲ್ಲಿ ಒಂದು ಸುತ್ತು ಹಾಕಿಬರುವುದು ಒಳ್ಳೆಯದು ಎಂದು ನಾನು ಹೇಳಿದೆ. ಪುಟ್ಟಿ ಕೇಳಿಸಿಕೊಳ್ಳಲಿಲ್ಲ. ಟಾರ್ಚು ಉರಿಯುತ್ತಿತ್ತು.

ಲೋಹ ಪಳಗಿತು ಅನ್ನುವಾಗ ಗಾಜು ಶುರುವಾಯಿತು. ಗುಜರಿಯವನು ಇಷ್ಟು ವರ್ಷ ನಮ್ಮ ಮನೆಯಿಂದ ಕೊಳ್ಳುತ್ತಿದ್ದವನು, ಈಗ ನಮ್ಮ ಮನೆಗೆ ಮಾರತೊಡಗಿದ. ಹಸಿರು ಬಾಟಲಿ, ಕಂದು ಬಾಟಲಿ. ಕಂದು ಬಾಟಲಿ ಎಂದರೆ ಬಿಯರಿನದ್ದೇ, ಬಿಸಿಲು ತಾಕಿ ಕೆಡದಿರಲಿ ಎಂದು ಅದಕ್ಕೆ ಆ ಬಣ್ಣ. ಕಾಫಿಗಿಂತ ಗಟ್ಟಿಯಾದದ್ದನ್ನು ಮುಟ್ಟದ ಭಾವನ ತಾರಸಿಯಲ್ಲಿ ತೊಳೆದು ಬೋರಲು ಹಾಕಿದ ಬಾಟಲಿಗಳ ಸಾಲು! ಎದುರುಮನೆಯವರು ಮೊದಲು ನೋಡಿದರು, ಆಮೇಲೆ ನಗತೊಡಗಿದರು, ಈಗ ಭಾವನನ್ನು ಸ್ವಲ್ಪ ಗೌರವದಿಂದ ಮಾತಾಡಿಸುತ್ತಾರೆ.

ಗಾಜು ಕರಗಿಸಲು ಕುಲುಮೆ ಬೇಕು. ಅದಕ್ಕೂ ಈಗ ಒಂದು ಪುಟ್ಟ ಬಿಳಿ ಡಬ್ಬಿ ಬಂದಿದೆ. ಅದನ್ನು ಮೈಕ್ರೋವೇವ್ ಒಳಗಿಟ್ಟರೆ ಕೆಲವೇ ನಿಮಿಷದಲ್ಲಿ ಡಬ್ಬಿಯೊಳಗೆ 800 ಡಿಗ್ರಿ ಆಸುಪಾಸಿನ ಶಾಖ ಹುಟ್ಟಿ ಗಾಜಿನ ಚೂರುಗಳು ಒಂದಕ್ಕೊಂದು ಅಂಟಿ ಕೂಡಿಕೊಳ್ಳುತ್ತವೆ. ಅಕ್ಕನ ಮದುವೆಗೆ ಯಾರೋ ಕೊಟ್ಟು, ಒಂದೇ ಒಂದು ಸಲ ಹಪ್ಪಳ ಸುಟ್ಟು, ಕವರು ಹೊದ್ದು ಕೂತಿದ್ದ ಮೈಕ್ರೋವೇವಿಗೆ ಕೊನೆಗೂ ಕೆಲಸ ಸಿಕ್ಕಿತು. ಇನ್ನು ಅದರಲ್ಲಿ ಅಡುಗೆ ಮಾಡುವಂತಿಲ್ಲ ಅಷ್ಟೆ. 1291ರಲ್ಲಿ ವೆನಿಸ್ ಸರ್ಕಾರ, ಊರಿಗೆ ಬೆಂಕಿ ಬಿದ್ದೀತೆಂದು ಗಾಜಿನ ಕುಲುಮೆಗಳನ್ನೆಲ್ಲ ಮುರಾನೊ ದ್ವೀಪಕ್ಕೆ ಎತ್ತಂಗಡಿ ಮಾಡಿಸಿತು. ಮುರಾನೊ ಗಾಜು ಜಗತ್ಪ್ರಸಿದ್ಧವಾದದ್ದು ಆಮೇಲೆ. ಭಾವ ಕುಲುಮೆಯನ್ನು ತಾರಸಿಯ ನೀರಿನ ಟ್ಯಾಂಕಿನ ಪಕ್ಕಕ್ಕೆ ಎತ್ತಂಗಡಿ ಮಾಡಿಸಿದರು. ಪ್ರಸಿದ್ಧಿ ಇನ್ನೂ ಬರಬೇಕು.

ಮೊದಲ ಪದಕ ಮಾತ್ರ ನಿಜಕ್ಕೂ ಚೆನ್ನಾಗಿತ್ತು. ಬಾಟಲಿಯ ಹಸಿರಿನ ಮೇಲೆ ಒಡೆದ ಬಳೆಯ ಕೆಂಪು ಗೆರೆ, ಸುತ್ತ ತಾಮ್ರದ ತಂತಿ. ಕಾಲೇಜಿಗೆ ಹಾಕಿಕೊಂಡು ಹೋದಳು. ಮಧ್ಯಾಹ್ನದ ಪಾಠ ನಡೆಯುತ್ತಿರುವಾಗ ಟಿಕ್ ಎಂದು ಸದ್ದು. ಪದಕ ಎರಡು ಹೋಳಾಗಿ ಒಂದು ನೋಟ್‌ಬುಕ್ಕಿನ ಮೇಲೆ ಬಿತ್ತು. ಗಾಜಿನ ಸ್ವಭಾವವೇ ಹಾಗೆ. ಬೇಗ ಆರಿಸಿದರೆ ಹೊರಗೆ ಗಟ್ಟಿ, ಒಳಗೆ ಇನ್ನೂ ಬಿಸಿ, ನಡುವೆ ಎಳೆದಾಟ. ಅದು ಇವತ್ತು ಒಡೆಯಬಹುದು, ಮುಂದಿನ ವಾರವೂ ಒಡೆಯಬಹುದು. ಅದಕ್ಕೇ ಕಸುಬಿನವರು 500 ಡಿಗ್ರಿಯ ಹತ್ತಿರ ಹಿಡಿದು ನಿಲ್ಲಿಸಿ, ಆಮೇಲೆ ಸಾವಕಾಶವಾಗಿ ಆರಿಸುತ್ತಾರೆ. ಇನ್ನೊಂದು ತೊಡಕೂ ಇದೆ. ಬಾಟಲಿ ಗಾಜು, ಬಳೆ ಗಾಜು ಎರಡೂ ಬಿಸಿಗೆ ಹಿಗ್ಗುವ, ತಣ್ಣಗಾದಾಗ ಕುಗ್ಗುವ ಲೆಕ್ಕ ಬೇರೆ ಬೇರೆ. ಕರಗಿದಾಗ ಅನ್ಯೋನ್ಯವಾಗಿರುತ್ತವೆ, ತಣ್ಣಗಾದ ಮೇಲೆ ಜಗಳ. ಒಡವೆಗೆಂದೇ ಮಾರುವ ಗಾಜಿನ ಮೇಲೆ ಅದಕ್ಕೇ 90, 96, 104 ಎಂದು ಅಂಕಿ ಇರುತ್ತದೆ, ಅಂಕಿ ಒಂದೇ ಇದ್ದರೆ ಮಾತ್ರ ಕೂಡಿಸಬೇಕು. ಅಂದರೆ ಗಾಜಿಗೂ ಜಾತಕ ಕೂಡಿಬರಬೇಕು. ಇದನ್ನು ಕೇಳಿ ಅಜ್ಜಿಗಾದ ಸಮಾಧಾನ ಅಷ್ಟಿಷ್ಟಲ್ಲ. "ನೋಡಿದೆಯಾ, ಸೈನ್ಸೂ ಅದನ್ನೇ ಹೇಳತ್ತೆ" ಎಂದು ಪುಟ್ಟಿಗೊಂದು ಗಂಡಿನ ವಿಚಾರ ಅಲ್ಲೇ ತೆಗೆದರು. ಪುಟ್ಟಿ ತಾರಸಿಗೆ ಓಡಿದಳು.

ಗಾಜಿನ ವಿಷಯದಲ್ಲಿ ಅಜ್ಜಿ ಹಳೇ ಕೈ ಎಂದು ನಮಗ್ಯಾರಿಗೂ ಗೊತ್ತೇ ಇರಲಿಲ್ಲ. ಚಿಕ್ಕವರಿದ್ದಾಗ ಅವರೂರಲ್ಲಿ ಹುಡುಗಿಯರು ಬಳೆಚೂರು ಕೂಡಿಡುತ್ತಿದ್ದರಂತೆ. ಬುಡ್ಡಿ ದೀಪದ ಉರಿಗೆ ಚೂರಿನ ತುದಿ ಹಿಡಿದು, ಮೆತ್ತಗಾದ ಕೂಡಲೇ ಬಗ್ಗಿಸಿ, ಕೊಂಡಿಗೆ ಕೊಂಡಿ ಸೇರಿಸಿ ಮಾರುದ್ದದ ಸರ ಮಾಡಿ ದೇವರ ಪಟಕ್ಕೆ ಹಾಕುತ್ತಿದ್ದರಂತೆ. ಪುಟ್ಟಿ ಮೊಬೈಲು ಕೆಳಗಿಟ್ಟು ಕೇಳಿದ್ದು ಆ ಕಥೆಯನ್ನೇ. ಬೇಕಾದರೆ ಇನ್ನೂ ಹಿಂದಕ್ಕೆ ಹೋಗಬಹುದು. ಪುದುಚೇರಿಯ ಹತ್ತಿರ ಅರಿಕಮೇಡು ಎಂಬಲ್ಲಿ 1945ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದರು. ಎರಡು ಸಾವಿರ ವರ್ಷದ ಹಿಂದೆ ಗಾಜಿನ ಮಣಿ ತಯಾರಾಗುತ್ತಿದ್ದ ಊರು ಅದು. ಕರಗಿದ ಗಾಜನ್ನು ಟೊಳ್ಳು ಕೊಳವೆಯಾಗಿ ಎಳೆದು, ಕತ್ತರಿಸಿ, ಮಣಿ ಮಾಡುವ ಆ ವಿದ್ಯೆ ತಿರುಪತಿ ಕಡೆಯ ಪಾಪಾನಾಯ್ಡುಪೇಟೆಯಲ್ಲಿ ನಮ್ಮ ಕಾಲದವರೆಗೂ ಉಳಿದು ಬಂತು. ತಿಮ್ಮಪ್ಪನ ದರ್ಶನಕ್ಕೆ ಹತ್ತಾರು ಸಲ ಹೋಗಿಬಂದ ನಮ್ಮ ಬಳಗದಲ್ಲಿ ಒಬ್ಬರೂ ಆ ಊರಿನ ಹೆಸರು ಕೇಳಿಲ್ಲ. ಲಡ್ಡುವಿನ ತೂಕ ಕಡಿಮೆಯಾದದ್ದು ಮಾತ್ರ ಎಲ್ಲರಿಗೂ ಗೊತ್ತು.

ಇಷ್ಟೆಲ್ಲಾ ಹೇಳಿದ್ದು ನಮ್ಮ ಚಿಕ್ಕಮ್ಮನ ಸಲುವಾಗಿ. ಚಿಕ್ಕಮ್ಮ ಬಂದವರೇ ಪುಟ್ಟಿಯ ಮೇಜು ನೋಡಿ ಮೂಗು ಮುರಿದರು. "ಒಳ್ಳೇ ಮನೇ ಹುಡುಗಿ, ಕೊರಳಿಗೆ ಗಾಜು ಹಾಕ್ಕೋತಾಳೇನೇ ಯಾರಾದ್ರೂ?" ಹಾಗೆ ಕೇಳುವಾಗ ಅವರ ಕೈತುಂಬ ಹಸಿರು ಗಾಜಿನ ಬಳೆ. ಕೊರಳಲ್ಲಿ ಎರಡೆಳೆ ಕರಿಮಣಿ, ಅದೂ ಗಾಜೇ. ಮದುವೆಯಾದ ದಿನದಿಂದ ಒಂದು ಗಳಿಗೆಯೂ ಬಿಚ್ಚದೆ ಹಾಕಿಕೊಂಡ ಗಾಜು. ಪುಟ್ಟಿ ಅವರ ಕೊರಳು ನೋಡಿದಳು, ಕೈ ನೋಡಿದಳು, ನನ್ನನ್ನು ನೋಡಿದಳು. ನಾನು ಪೇಪರು ಎತ್ತಿಕೊಂಡೆ. ಆದರೂ ಇಲ್ಲಿ ಹೇಳುತ್ತೇನೆ, ಚಿಕ್ಕಮ್ಮ ಇದನ್ನು ಓದುವುದಿಲ್ಲ: ಈಜಿಪ್ಟಿನ ದೊರೆ ಟುಟಂಖಾಮನ್‌ನ ಮುಖವಾಡ ಹತ್ತು ಕಿಲೋ ಚಿನ್ನದ್ದು, ಅದರ ತಲೆವಸ್ತ್ರದ ನೀಲಿ ಪಟ್ಟಿಗಳು ಗಾಜಿನವು. ಮೂರು ಸಾವಿರ ವರ್ಷದ ಹಿಂದಿನ ರಾಜರಿಗೆ ಇಲ್ಲದ ಮಡಿ ನಮಗೆ ಎಲ್ಲಿಂದ ಬಂತು?

ಚಿಕ್ಕಮ್ಮನ ಎರಡನೆಯ ತಕರಾರು, ಎರಡು ಓಲೆ ಒಂದೇ ಥರ ಇಲ್ಲ ಎಂಬುದು. ಅದು ನಿಜ. ಕೈಯಲ್ಲಿ ಬಡಿದದ್ದು ಜೋಡಿಯಾಗುವುದು ಪುಣ್ಯವಿದ್ದಾಗ ಮಾತ್ರ. ಇದಕ್ಕೆ ಪುಟ್ಟಿಯ ಹತ್ತಿರ ಉತ್ತರ ತಯಾರಿತ್ತು. ಅಮೆರಿಕದ ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್ ಹಿತ್ತಾಳೆ, ಬೆಳ್ಳಿ ತಂತಿಗಳನ್ನು ಬಡಿದು ಬಗ್ಗಿಸಿ ಸುಮಾರು 1,800 ಒಡವೆ ಮಾಡಿದ, ಹೆಚ್ಚಿನವಕ್ಕೆ ಬೆಸುಗೆಯೇ ಇಲ್ಲ. 1942ರಲ್ಲಿ ಪೆಗ್ಗಿ ಗುಗ್ಗೆನ್‌ಹೈಮ್ ಎಂಬ ಶ್ರೀಮಂತೆ ನ್ಯೂಯಾರ್ಕಿನಲ್ಲಿ ತನ್ನ ಕಲಾ ಗ್ಯಾಲರಿ ತೆರೆದ ದಿನ ಒಂದು ಕಿವಿಗೆ ಕಾಲ್ಡರ್ ಮಾಡಿದ ಓಲೆ, ಇನ್ನೊಂದು ಕಿವಿಗೆ ಈವ್ ತಾಂಗಿ ಎಂಬ ಚಿತ್ರಕಾರ ಮಾಡಿದ ಓಲೆ ಹಾಕಿಕೊಂಡಿದ್ದಳು. "ಅವಳಿಗೆ ಮದುವೆ ಆಗಿತ್ತಾ?" ಎಂದರು ಚಿಕ್ಕಮ್ಮ. ಅಲ್ಲಿಗೆ ಚರಿತ್ರೆಯ ಪಾಠ ಮುಗಿಯಿತು.

ನನಗೆ ಸಿಟ್ಟು ಬಂದದ್ದು ಇದ್ಯಾವುದಕ್ಕೂ ಅಲ್ಲ, ಪುಟ್ಟಿ ಮಾರಲು ಇಟ್ಟಿದ್ದ ಓಲೆಗೆ ಚಿಕ್ಕಮ್ಮ ರೇಟು ಕೇಳಿದಾಗ. ಪುಟ್ಟಿ 450 ಎಂದಳು. "ತಾಮ್ರಕ್ಕಾ?" ಎಂದರು. ಒಂದು ಜೊತೆ ಓಲೆಯಲ್ಲಿರುವುದು ಐದಾರು ಗ್ರಾಂ ತಾಮ್ರ, ಹತ್ತು ರೂಪಾಯಿಯೂ ಬಾಳುವುದಿಲ್ಲ, ಒಪ್ಪುತ್ತೇನೆ. ಉಳಿದ 440 ಕೆರೆದದ್ದಕ್ಕೆ, ಬಡಿದದ್ದಕ್ಕೆ, ಸುಟ್ಟುಕೊಂಡ ಬೆರಳಿಗೆ, ಟಿಕ್ ಎಂದು ಹೋದ ಪದಕಗಳಿಗೆ. ಇದೇ ಚಿಕ್ಕಮ್ಮ ಚಿನ್ನದಂಗಡಿಯಲ್ಲಿ ತಣ್ಣನೆಯ ಬಾದಾಮಿ ಹಾಲು ಕುಡಿಯುತ್ತಾ, ವೇಸ್ಟೇಜ್ ಇಷ್ಟು, ಮೇಕಿಂಗ್ ಇಷ್ಟು ಎಂದಾಗ ತುಟಿಪಿಟಕ್ಕೆನ್ನದೆ ತಲೆಯಾಡಿಸುತ್ತಾರೆ. ನಾಳೆ ಅದನ್ನೇ ಮಾರಲು ಹೋದರೆ ಕಲ್ಲಿನ ತೂಕ ಕಳೆದು, ಚಿನ್ನದ ತೂಕಕ್ಕೆ ಮಾತ್ರ ದುಡ್ಡು. ಕೂಲಿ ಗೋವಿಂದ. ಅಲ್ಲಿ ಮಾಳಿಗೆಯ ಮೇಲೆ ಕೂತು ಕಣ್ಣು ಕಳೆದುಕೊಂಡ ಕೆಲಸಗಾರನ ಕೈಚಳಕಕ್ಕೆ ತಕ್ಕಡಿಯಲ್ಲಿ ಜಾಗವಿಲ್ಲ. ತಾಮ್ರದ ಓಲೆಯಲ್ಲಿ ಬರೀ ಕೈಚಳಕವೇ ಇದೆ. ಅದನ್ನು ಕೊಳ್ಳುವಾಗ ಮಾತ್ರ ನಮಗೆ ಲೋಹದ ಬೆಲೆ ನೆನಪಾಗುತ್ತದೆ. ಇದು ಜಿಪುಣತನವೂ ಅಲ್ಲ, ಬುದ್ಧಿವಂತಿಕೆಯೂ ಅಲ್ಲ, ಶುದ್ಧ ಅನ್ಯಾಯ.

ಹಾಗೆಂದು ಪುಟ್ಟಿಯ ಕೈಯಿಂದ ಬಂದದ್ದೆಲ್ಲ ಅಪರಂಜಿ ಎನ್ನಲಾರೆ. ಮೊದಮೊದಲು ಅಗ್ಗಕ್ಕೆ ಸಿಕ್ಕಿತೆಂದು ಜರ್ಮನ್ ಸಿಲ್ವರಿನ ಕೊಕ್ಕೆ ಹಾಕಿದಳು. ಅದರಲ್ಲಿ ತಾಮ್ರ, ನಿಕ್ಕಲ್, ಸತು ಇರುತ್ತದೆ, ಬೆಳ್ಳಿ ಲವಲೇಶವೂ ಇಲ್ಲ. ನಿಕ್ಕಲ್ ಕೆಲವರ ಮೈಗೆ ಆಗಿಬರುವುದಿಲ್ಲ. ಹಾಕಿಕೊಂಡ ಗೆಳತಿಯ ಕಿವಿ ಊದಿ, ತುರಿಕೆ ಎದ್ದು, ಪಾಪ ವಾರಗಟ್ಟಲೆ ಬೇವಿನ ಕಡ್ಡಿಯಲ್ಲೇ ಓಡಾಡಿತು ಆ ಹುಡುಗಿ. ಈಗ ಕೊಕ್ಕೆಗೆಲ್ಲ 92.5ರ ಬೆಳ್ಳಿ. ಉಂಗುರ ಹಾಕಿಕೊಂಡವರ ಬೆರಳು ಹಸಿರಾಗುವುದುಂಟು, ಬೆವರಿಗೂ ತಾಮ್ರಕ್ಕೂ ಆಗುವ ವ್ಯವಹಾರ ಅದು. ಸೋಪು ಹಾಕಿ ತೊಳೆದರೆ ಹೋಗುತ್ತದೆ, ಡಾಕ್ಟರ ಹತ್ತಿರ ಓಡಬೇಕಿಲ್ಲ. ಇನ್ನು ಅವಳ ಕೋಣೆ. ಅಕ್ಕಸಾಲಿಗರ ಬೀದಿಯಲ್ಲಿ ಕಸ ಗುಡಿಸಿ, ತೊಳೆದು, ಚಿನ್ನದ ಪುಡಿ ಆಯುವ ಜಲಗಾರರಿದ್ದಾರೆ. ಪುಟ್ಟಿಯ ಕೋಣೆ ಗುಡಿಸಿದರೆ ಸಿಗುವುದು ಗಾಜಿನ ಚೂರು, ಅದೂ ಪೊರಕೆಗಲ್ಲ, ಅಂಗಾಲಿಗೆ.

ನಾನೂ ಒಂದು ಜೊತೆ ಕೊಂಡೆ, ಹೆಂಡತಿಗೆ. ಸೋದರಮಾವ ಎಂದು ರಿಯಾಯಿತಿ ಕೇಳಿದೆ, "ಮಾವ, ವೇಸ್ಟೇಜ್ ಬಿಟ್ಟಿದ್ದೀನಲ್ಲ" ಎಂದಳು.

ನಿಮ್ಮೂರಿನ ಕಾಲೇಜು ಹಬ್ಬದಲ್ಲೋ ಸಂತೆಯಲ್ಲೋ ಇಂಥ ಒಬ್ಬ ಪುಟ್ಟಿ ಮೇಜಿನ ಮೇಲೆ ಕಪ್ಪು ಬಟ್ಟೆ ಹಾಸಿಕೊಂಡು ಕೂತಿದ್ದರೆ, ನಿಂತು ಮೂರು ಪ್ರಶ್ನೆ ಕೇಳಿ. ಕೊಕ್ಕೆ ಯಾವ ಲೋಹದ್ದು? ಗಾಜನ್ನು ಸಾವಕಾಶ ಆರಿಸಿದ್ದೀಯಾ? ಚೂಪು ಅಂಚು ಉಜ್ಜಿದ್ದೀಯಾ? ಮೂರಕ್ಕೂ ನೆಟ್ಟಗೆ ಉತ್ತರ ಕೊಟ್ಟರೆ, "ಸ್ವಲ್ಪ ಕಡಿಮೆ ಮಾಡ್ಕೋಮ್ಮಾ" ಎಂಬ ನಾಲ್ಕನೆಯದನ್ನು ನುಂಗಿಕೊಂಡು ಹೇಳಿದಷ್ಟು ದುಡ್ಡು ಕೊಡಿ.